ಬಚ್ಚಲ ಹೊಸ್ತಿಲಲ್ಲಿ ನಿಂತ ಊರುಗೋಲು

ಹೊಗೇನಕಲ್ ಎಂಬ ಹೆಸರನ್ನು ಬಿಡಿಸಿದರೆ ಹೊಗೆ ಮತ್ತು ಕಲ್ಲು. ಅಚ್ಚ ಕನ್ನಡ. ಕಾವೇರಿ ಅಲ್ಲಿ ಬಂಡೆಗಳ ನಡುವೆ ಧುಮುಕುವಾಗ ಏಳುವ ತುಂತುರು ದೂರಕ್ಕೆ ಹೊಗೆಯಾಡಿದಂತೆಯೇ ಕಾಣುವುದು. ಧರ್ಮಪುರಿ ಜಿಲ್ಲೆಗೆ ಸೇರಿದ ಈ ಜಾಗಕ್ಕೆ ಹೋದವರು ನೀರಿಗಿಳಿಯುವ ಮೊದಲು ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ವಾಡಿಕೆ. ಅದನ್ನೇ ಕಸುಬಾಗಿ ಮಾಡಿಕೊಂಡವರು ಬಂಡೆಗಳ ಮೇಲೆ ಸಾಲಾಗಿ ಕುಳಿತಿರುತ್ತಾರೆ. ಎಣ್ಣೆ ಮೈ, ನೀರು ಹರಿಯುವ ಕಲ್ಲು. ಇಪ್ಪತ್ತರ ಹರೆಯದ ಹುಡುಗರೂ ಒಬ್ಬರ ಕೈ ಒಬ್ಬರು ಹಿಡಿದೇ ಹೆಜ್ಜೆಯಿಡುತ್ತಾರೆ. ಅದೇ ರಾಜ್ಯದ ದಕ್ಷಿಣ ತುದಿಯ ಕುಟ್ರಾಲಂ ಜಲಪಾತದಡಿ ಮೀಯುವವರಿಗೆ ಆಸರೆಯಾಗಿ ಕಂಬಿ ಕೂಡಿಸಿದ್ದಾರೆ. ಹರಿದ್ವಾರದಲ್ಲಿ ಗಂಗೆಗೆ ಇಳಿಯುವವರು ಹಿಡಿದುಕೊಳ್ಳಲು ಸರಪಳಿಗಳಿವೆ. ಗಟ್ಟಿಮುಟ್ಟಾದವರೂ ನೀರಿನಲ್ಲಿ ನಿಲ್ಲಬೇಕಾದರೆ ಕೈಗೊಂದು ಆಸರೆ ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ನಮ್ಮ ಮನೆಯ ಬಚ್ಚಲಿಗೆ ಮಾತ್ರ ಅದು ತಿಳಿದಂತಿಲ್ಲ.

ಈ ಯೋಚನೆ ಬಂದದ್ದು ಹೊಗೇನಕಲ್ಲಿನಲ್ಲಿ ಅಲ್ಲ, ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ಪೆನ್ನಾಗರದ ಕಡೆಯ ಒಂದು ಹಳ್ಳಿಯಲ್ಲಿ. ಕಾಸರಗೋಡಿನ ಬ್ಯಾಂಕೊಂದರಲ್ಲಿ ಕೆಲವು ವರ್ಷ ಇದ್ದು, ನಿವೃತ್ತರಾಗಿ ಊರು ಸೇರಿದ ಮಿತ್ರರೊಬ್ಬರ ಮನೆಯದು. ಮನೆಮಾತು ಕನ್ನಡ, ಬೀದಿಮಾತು ತಮಿಳು. ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಲ್ಲಿ ಮಲೆಯಾಳ ಇದ್ದಲ್ಲಿ ಅಲ್ಲಿ ತಮಿಳು, ಅಷ್ಟೆ.

ಮಿತ್ರರ ತಾಯಿಗೆ ಎಂಬತ್ತನಾಲ್ಕು. ಕಣ್ಣು ಚುರುಕು, ಮಾತು ಇನ್ನೂ ಚುರುಕು. ಜಗಲಿಯ ಮೂಲೆಯಲ್ಲಿ ಹೊಚ್ಚಹೊಸದೆಂಬಂತೆ ಒಂದು ವಾಕರ್ ನಿಂತಿತ್ತು. ಊಟವಾದ ಮೇಲೆ ಮಿತ್ರರ ಮಡದಿ ನಮ್ಮ ಮನೆಯವರೊಡನೆ ತಗ್ಗಿದ ದನಿಯಲ್ಲಿ ಹೇಳಿಕೊಂಡರಂತೆ: ಅತ್ತೆ ಮೈಗೆ ನೀರು ಹಾಕಿಕೊಂಡು ಒಂಬತ್ತು ದಿನವಾಯಿತು. ದಿನಾ ಬೆಳಗ್ಗೆ ಎದ್ದು ಮಿಂದಲ್ಲದೆ ಒಲೆ ಮುಟ್ಟದೆ ಇದ್ದವರು ಈಗ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಸುಮ್ಮನಿರುತ್ತಾರೆ. ಕೇಳಿದರೆ ಚಳಿ ಎನ್ನುತ್ತಾರೆ. ಚಳಿಯಲ್ಲ, ಹೆದರಿಕೆ.

ಹೆದರಿಕೆಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಅವರು ಬಚ್ಚಲಲ್ಲಿ ಬಿದ್ದಿದ್ದರು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಬಾಗಿಲು ಒಳಮುಖವಾಗಿ ತೆರೆಯುವಂಥದು, ಬಿದ್ದವರು ಬಾಗಿಲಿಗೆ ಅಡ್ಡವಾಗಿಯೇ ಬಿದ್ದಿದ್ದರು. ಬಡಗಿಯನ್ನು ಕರೆಸಿ ಹಲಗೆ ಕಿತ್ತು ಒಳಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ. ಎಲುಬು ಮುರಿದಿರಲಿಲ್ಲ, ದೇವರ ದಯೆ. ಆದರೆ ಆ ಮುಕ್ಕಾಲು ಗಂಟೆ ಬರಿಮೈಯಲ್ಲಿ ತಣ್ಣನೆಯ ನೆಲದ ಮೇಲೆ ಬಿದ್ದಿದ್ದು, ಹೊರಗೆ ಗಂಡಸರ ದನಿ ಕೇಳುತ್ತ ಕಳೆದದ್ದನ್ನು ಅವರು ಮರೆತಿಲ್ಲ. ನಮ್ಮೊಡನೆ ಆ ವಿಷಯ ಎತ್ತಿದವರು ಅವರೇ: “ಸತ್ತಿದ್ರೂ ಚೆನ್ನಾಗಿತ್ತು ಕಣಪ್ಪ. ಆ ಬಾಗ್ಲು ಒಡೀವಾಗ ಇದ್ದೆನಲ್ಲ, ಅದು ಬೇಡಾಗಿತ್ತು.”

ಸರಿ, ವಾಕರ್ ಏಕೆ ಕೆಲಸಕ್ಕೆ ಬರಲಿಲ್ಲ? ಬಿದ್ದ ಮೇಲೆಯೇ ಮಗ ಧರ್ಮಪುರಿಯಿಂದ ಅದನ್ನು ಕೊಂಡುತಂದದ್ದು. ಹಿಡಿದು ನಡೆಯಲು ಅವರು ಕಲಿತೂ ಇದ್ದರು. ನಾವು ಎದ್ದು ಹೋಗಿ ನೋಡಿದೆವು. ಬಚ್ಚಲಿನ ಬಾಗಿಲು ಎರಡು ಅಡಿ ಅಗಲ, ಹೊಸ್ತಿಲು ಐದು ಅಂಗುಲ ಎತ್ತರ. ವಾಕರ್ ಆ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಹೊಸ್ತಿಲು ದಾಟಿಸಲು ಅದನ್ನು ಎತ್ತಬೇಕು. ಎತ್ತುವಾಗ ಆಸರೆ ತಪ್ಪುತ್ತದೆ. ಹಾಗಾಗಿ ಜಗಲಿಯಿಂದ ಬಚ್ಚಲವರೆಗೆ, ಎಲ್ಲಿ ನೆಲ ಒಣಗಿ ಗಟ್ಟಿಯಾಗಿದೆಯೋ ಅಲ್ಲೆಲ್ಲ ಅವರ ಕೈಯಲ್ಲಿ ಆಸರೆ ಇದೆ. ಎಲ್ಲಿ ನೆಲ ಒದ್ದೆಯೋ, ಸೋಪಿನ ನೊರೆಯೋ, ಮೈಮೇಲೆ ಬಟ್ಟೆ ಇಲ್ಲವೋ, ಬಗ್ಗಿ ಏಳಬೇಕೋ ಅಲ್ಲಿ ಬರಿಗೈ. ಊರುಗೋಲು ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಇದೇ ಕತೆಯೋ ಎಂದು ಅಲ್ಲಿಯೇ ಅನಿಸಿತು.

ನೀರಿನಿಂದಲೇ ಬಂದ ನೋವು

ಆ ತಾಯಿಯ ಬೆನ್ನು ಬಾಗುವುದಿಲ್ಲ. ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ವಯಸ್ಸು ಒಂದು ಕಾರಣ, ಕುಡಿದ ನೀರು ಇನ್ನೊಂದು ಕಾರಣ ಎಂದು ವೈದ್ಯರು ಹೇಳಿದ್ದಾರಂತೆ. ಧರ್ಮಪುರಿ ಜಿಲ್ಲೆಯ ಈ ಸಂಕಟವನ್ನು ಸ್ವಲ್ಪ ವಿವರಿಸಬೇಕು.

ಈ ಸೀಮೆ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಆ ವರ್ಷ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಗಿ, ಕನ್ನಡಿಗರು ಹೆಚ್ಚಾಗಿರುವ ಹೊಸೂರು, ದೇಂಕಣಿಕೋಟೆ, ತಳಿ ಕಡೆಗಳು ಆ ಹೊಸ ಜಿಲ್ಲೆಗೆ ಸೇರಿದವು. ಮಳೆ ಕಡಿಮೆ, ನೆಲದಡಿ ಗಟ್ಟಿಬಂಡೆ. ಆ ಬಂಡೆಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಈ ಜಿಲ್ಲೆಯ ಅನೇಕ ಕೊಳವೆ ಬಾವಿಗಳಲ್ಲಿ ಅದು ಆ ಮಿತಿಯನ್ನು ಮೀರಿತ್ತು. ಮಕ್ಕಳಿಗೆ ಹಲ್ಲು ಕಂದುಗಟ್ಟುವುದು ಮೊದಲ ಗುರುತು. ಹತ್ತಾರು ವರ್ಷ ಅದೇ ನೀರು ಕುಡಿದವರಲ್ಲಿ ಎಲುಬು ದಪ್ಪಗಾಗಿ, ಕೀಲುಗಳ ಸುತ್ತಲಿನ ನಾರುಗಳೂ ಸುಣ್ಣಗಟ್ಟಿ, ಬೆನ್ನು, ಸೊಂಟ, ಮೊಣಕಾಲು ಬಿಗಿದುಕೊಳ್ಳುತ್ತವೆ. ಒಮ್ಮೆ ಬಿಗಿದ ಕೀಲನ್ನು ಸಡಿಲಿಸುವ ಮದ್ದು ಇಲ್ಲ.

ಇದಕ್ಕೆ ಪರಿಹಾರವಾಗಿ ಹೊಗೇನಕಲ್ಲಿನಿಂದ ಕಾವೇರಿ ನೀರನ್ನೇ ಧರ್ಮಪುರಿ, ಕೃಷ್ಣಗಿರಿ ಎರಡೂ ಜಿಲ್ಲೆಗಳಿಗೆ ಒಯ್ಯುವ ಕುಡಿಯುವ ನೀರಿನ ಯೋಜನೆ ಜಪಾನಿನ ಸಾಲದ ನೆರವಿನಿಂದ ರೂಪುಗೊಂಡಿತು. 2008ರಲ್ಲಿ ಶಂಕುಸ್ಥಾಪನೆ, 2013ರಲ್ಲಿ ಉದ್ಘಾಟನೆ. ಇಂದಿನ ಮಕ್ಕಳ ಹಲ್ಲಿಗೆ ಅದರಿಂದ ಉಪಕಾರವಾದೀತು. ಆದರೆ ಅದಕ್ಕೆ ಮೊದಲು ಅರುವತ್ತು, ಎಪ್ಪತ್ತು ವರ್ಷ ಬಾವಿಯ ನೀರು ಕುಡಿದವರ ಬೆನ್ನು ಹಾಗೆಯೇ ಇದೆ.

ದೇಶದಲ್ಲಿ ಈ ಎಲುಬಿನ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸು ಪ್ರಾಂತದ ನೆಲ್ಲೂರಿನಲ್ಲಿ. ಬಡ ವೃದ್ಧರಿಗೆ ಊರುಗೋಲು, ವಾಕರ್ ಮುಂತಾದವನ್ನು ಉಚಿತವಾಗಿ ಕೊಡುವ ಕೇಂದ್ರ ಸರಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರ ಏಪ್ರಿಲ್ 1ರಂದು ಆರಂಭವಾದದ್ದೂ ಅದೇ ನೆಲ್ಲೂರಿನಿಂದ. ಯಾರೂ ಉದ್ದೇಶಿಸಿ ಮಾಡಿದ್ದಲ್ಲ, ಆದರೂ ನೆನಪಿಗೆ ಬಂದುದರಿಂದ ಬರೆದೆ.

ಈಗ ಬೆನ್ನು ಬಾಗದ, ಮೊಣಕಾಲು ಮಡಚದ ಒಬ್ಬರನ್ನು ನಮ್ಮ ಬಚ್ಚಲಲ್ಲಿ ಕಲ್ಪಿಸಿಕೊಳ್ಳಿ. ನೆಲದ ಮೇಲೆ ನಾಲ್ಕು ಅಂಗುಲದ ಮಣೆ. ಎದುರಿಗೆ ನೆಲದ ಮೇಲೆಯೇ ಬಕೆಟ್. ಚೊಂಬನ್ನು ತಳಕ್ಕೆ ಮುಳುಗಿಸಿ, ಎತ್ತಿ, ತಲೆಗೆ ಸುರಿದುಕೊಳ್ಳಬೇಕು. ಒಂದು ಸ್ನಾನಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ಬಗ್ಗುವುದು, ಏಳುವುದು. ನೀರು ಕಡಿಮೆಯಾದಷ್ಟೂ ಬಗ್ಗುವುದು ಹೆಚ್ಚು. ಕೊನೆಗೆ ಆ ಮಣೆಯಿಂದ ಏನನ್ನೂ ಹಿಡಿಯದೆ ಮೇಲೇಳಬೇಕು. ಆರೋಗ್ಯವಂತನಾದ ಐವತ್ತರ ಮನುಷ್ಯ ಇದನ್ನು ಒಂದು ದಿನ ಗಮನವಿಟ್ಟು ಮಾಡಿ ನೋಡಲಿ. ತನ್ನ ಕೈ ಎಷ್ಟು ಸಲ ಗೋಡೆಯನ್ನೋ ನಲ್ಲಿಯನ್ನೋ ಹುಡುಕಿತೆಂದು ಲೆಕ್ಕ ಇಡಲಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಜೀವ ತೆರುವವರಲ್ಲಿ ಅರುವತ್ತು ದಾಟಿದವರೇ ಹೆಚ್ಚು.

ಕುರ್ಚಿಗಿಂತ ಮೊದಲು ಬಕೆಟ್

ಸ್ನಾನಕ್ಕೆಂದೇ ಮಾಡಿದ ಕುರ್ಚಿಗಳು ಈಗ ನಮ್ಮ ಪೇಟೆಗಳಲ್ಲೂ ಸಿಗುತ್ತವೆ. ಅಲ್ಯುಮಿನಿಯಂ ಕಾಲು, ತೂತುಗಳಿರುವ ಪ್ಲಾಸ್ಟಿಕ್ ಪೀಠ, ಕಾಲಿನ ತುದಿಗೆ ರಬ್ಬರ್ ಬುಷ್. ಎತ್ತರ ಹೆಚ್ಚುಕಡಿಮೆ ಮಾಡಬಹುದು. ಬೆನ್ನು, ತೋಳು ಇರುವಂಥವೂ ಇವೆ. ಒಳ್ಳೆಯ ವಸ್ತುವೇ. ಆದರೆ ಇವು ಹುಟ್ಟಿದ್ದು ನೀರು ಮೇಲಿನಿಂದ ಬೀಳುವ ದೇಶಗಳಲ್ಲಿ. ನಮ್ಮದು ಬಕೆಟ್ಟು, ಚೊಂಬು. ಹದಿನೆಂಟು ಅಂಗುಲದ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ ಬಕೆಟನ್ನು ನೆಲದ ಮೇಲೆಯೇ ಬಿಟ್ಟರೆ, ಮಣೆಯ ಮೇಲೆ ಕುಳಿತಾಗ ಎಷ್ಟು ಬಗ್ಗುತ್ತಿದ್ದರೋ ಅದಕ್ಕಿಂತ ಹೆಚ್ಚು ಬಗ್ಗಬೇಕು. ಮುಗ್ಗರಿಸುವುದೂ ಅಷ್ಟೇ ಸುಲಭ. ಕುರ್ಚಿ ತಂದ ಮನೆಯಲ್ಲೂ ಜನ ಬೀಳುವುದು ಹೀಗೆ.

ಆದ್ದರಿಂದ ಪೀಠವನ್ನು ಎತ್ತರಿಸಿದಷ್ಟೇ ಬಕೆಟನ್ನೂ ಎತ್ತರಿಸಬೇಕು. ಸಿಮೆಂಟಿನ ಕಟ್ಟೆ ಕಟ್ಟಿಸಬಹುದು, ಅಲುಗಾಡದ ಗಟ್ಟಿ ಸ್ಟೂಲ್ ಇಡಬಹುದು. ಬಕೆಟ್ಟಿನ ಅಂಚು ಕುಳಿತವರ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬಲಗೈಯವರಿಗೆ ಬಲಬದಿಯಲ್ಲಿ ಇರಬೇಕು. ತುಂಬಿದ ಬಕೆಟನ್ನು ಕಟ್ಟೆಯ ಮೇಲೆ ಎತ್ತಿಡುವ ಕೆಲಸ ಮನೆಯ ಇತರರದು, ಅಥವಾ ನಲ್ಲಿಯಿಂದ ಒಂದು ರಬ್ಬರ್ ಕೊಳವೆ. ಉದ್ದ ಹಿಡಿಯ ಮಗ್ ಇದ್ದರೆ ತೋಳು ಎತ್ತಲಾಗದವರಿಗೂ ತಲೆಗೆ ನೀರು ಮುಟ್ಟುತ್ತದೆ. ಬಿಸಿನೀರು ನಲ್ಲಿಯಲ್ಲಿ ಬರುವ ಮನೆಗಳಲ್ಲಿ ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿಕೊಂಡರೆ ಬಕೆಟ್ಟಿನ ತೊಂದರೆಯೇ ಇಲ್ಲ.

ಪೀಠದ ಎತ್ತರವನ್ನು ಅಂಗಡಿಯವನಲ್ಲ, ಕುಳಿತುಕೊಳ್ಳುವವರ ಕಾಲು ನಿರ್ಧರಿಸಬೇಕು. ಪಾದ ಪೂರ್ತಿ ನೆಲಕ್ಕೆ ಊರಿ, ಮೊಣಕಾಲು ಸೊಂಟಕ್ಕಿಂತ ಮೇಲೇರದಿದ್ದರೆ ಸರಿ. ಹೆಚ್ಚಿನವರಿಗೆ ಹದಿನೇಳರಿಂದ ಹತ್ತೊಂಬತ್ತು ಅಂಗುಲ. ಮಂಡಿ ಪೂರ್ತಿ ಬಿಗಿದವರಿಗೆ ಇನ್ನೊಂದೆರಡು ಅಂಗುಲ ಹೆಚ್ಚು ಬೇಕಾಗುತ್ತದೆ. ಮದುವೆ ಮನೆಗಳಲ್ಲಿ ಕಾಣುವ ಹಗುರ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೆ ಒಯ್ಯುವವರಿದ್ದಾರೆ. ಒದ್ದೆ ಟೈಲ್ಸಿನ ಮೇಲೆ ಅದರ ಕಾಲುಗಳು ಅಗಲಕ್ಕೆ ಜಾರುತ್ತವೆ. ಬಿಸಿಲಲ್ಲಿ ಹಳತಾದದ್ದಾದರೆ ಸೀಳುತ್ತದೆ. ಅದು ಬೇಡ.

ಕೈಗೊಂದು ಕಂಬಿ

ಮರುದಿನ ಮಿತ್ರರಿಗೆ ಸೇಲಂನಲ್ಲಿ ಕಣ್ಣಿನ ತಪಾಸಣೆ ಇತ್ತು, ನಾವೂ ಹೊರಟೆವು. ಸೇಲಂ ಎಂದರೆ ಉಕ್ಕು. ಅಲ್ಲಿನ ಸಾರ್ವಜನಿಕ ಕಾರಖಾನೆ 1980ರ ದಶಕದ ಆರಂಭದಲ್ಲಿ ಸ್ಟೈನ್‌ಲೆಸ್ ತಗಡು ತಯಾರಿಸತೊಡಗಿದ ಮೇಲೆ ಊರೂರಿಗೆ ‘ಸೇಲಂ ಸ್ಟೀಲ್’ ಎಂಬ ಮಾತು ಹಬ್ಬಿತು. ತಂಬಿಗೆ, ತಟ್ಟೆ, ಲೋಟ ಎಲ್ಲಕ್ಕೂ ಅದೇ ಮುದ್ರೆಯನ್ನು ಹೆಂಗಸರು ತಿರುಗಿಸಿ ನೋಡುತ್ತಿದ್ದ ಕಾಲವೊಂದಿತ್ತು. ಚೊಂಬಿಗೆ ತುಕ್ಕು ಹಿಡಿಯಬಾರದೆಂದು ಅಷ್ಟು ಯೋಚಿಸಿದ ನಾವು, ಚೊಂಬು ಹಿಡಿದವರು ಜಾರಬಾರದೆಂದು ಎರಡು ಅಡಿ ಸ್ಟೀಲ್ ಕೊಳವೆಯನ್ನು ಗೋಡೆಗೆ ಹಾಕಿಸಲಿಲ್ಲ!

ಸೇಲಂನಲ್ಲಿ ಮಿತ್ರರ ಪರಿಚಯದ ಒಂದು ಮನೆಗೂ ಹೋದೆವು. ದೇವಾಂಗದವರು, ಮನೆಯಲ್ಲಿ ಕನ್ನಡ. ಆ ಊರಿನ ನೇಕಾರರಲ್ಲಿ ಕನ್ನಡ ಮಾತಾಡುವ ದೇವಾಂಗರು ಬಹಳ ಕಾಲದಿಂದ ಇದ್ದಾರೆ. ಮನೆಯ ಹಿರಿಯರು ಜೀವಮಾನವೆಲ್ಲ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದವರು; ಮೊಣಕಾಲು ಈಗ ಮಾತು ಕೇಳುವುದಿಲ್ಲ. ಅವರ ಬಚ್ಚಲಲ್ಲಿ ಮೇಲಿನ ತೊಲೆಯಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟಿತ್ತು. ಗೇಣಿಗೊಂದು ಗಂಟು. ಏಳುವಾಗ ಗಂಟಿನಿಂದ ಗಂಟಿಗೆ ಕೈ ಏರಿಸುತ್ತ ಎದ್ದುನಿಲ್ಲುತ್ತಾರೆ. ಯಾರು ಹೇಳಿಕೊಟ್ಟದ್ದು ಎಂದರೆ, “ಯಾರ್ ಹೇಳ್ಬೇಕು, ಹಗ್ಗ ನಮ್ ಕಸುಬಿಂದಲ್ವಾ” ಎಂದು ನಕ್ಕರು. ಏನೂ ಇಲ್ಲದ್ದಕ್ಕಿಂತ ನೂರು ಪಾಲು ಮೇಲು. ಆದರೆ ಹಗ್ಗ ತೂಗಾಡುತ್ತದೆ. ಕಾಲು ಜಾರಿದ ಕ್ಷಣದಲ್ಲಿ ಅದು ಆಸರೆಯಾಗದೆ ಮನುಷ್ಯನೊಡನೆ ತಾನೂ ಓಲಾಡುತ್ತದೆ. ಗೋಡೆಗೆ ಗಟ್ಟಿಯಾಗಿ ನಿಂತ ಕಂಬಿಗೆ ಅದು ಸಮವಲ್ಲ.

ಕಂಬಿಯ ವಿಷಯದಲ್ಲಿ ತಪ್ಪುಗಳು ಬಹಳ. ದಪ್ಪ ಒಂದೂವರೆ ಅಂಗುಲದ ಆಸುಪಾಸಿರಲಿ, ಬೆರಳು ಪೂರ್ತಿ ಸುತ್ತಿಕೊಳ್ಳಬೇಕು. ಗೋಡೆಗೂ ಕಂಬಿಗೂ ನಡುವೆ ಒಂದೂವರೆಯಿಂದ ಎರಡು ಅಂಗುಲ ಸಂದು ಸಾಕು. ಹೆಚ್ಚು ಬಿಟ್ಟರೆ ಬೀಳುವಾಗ ಮುಂಗೈ ತೂರಿ ಸಿಕ್ಕಿಕೊಂಡು ಎಲುಬು ಮುರಿದೀತು. ಮೈಯ ಪೂರ್ತಿ ಭಾರ ಒಂದೇ ಜಗ್ಗಿಗೆ ಬಿದ್ದರೂ ಅಲುಗಬಾರದು. ಕನಿಷ್ಠ ನೂರು ಕಿಲೋ ತಾಳಬೇಕು. ಟವೆಲ್ ಹಾಕುವ ಸರಿಗೆಯನ್ನು ಹಿಡಿಕಂಬಿ ಎಂದುಕೊಂಡು ಬಿದ್ದವರು ಎಷ್ಟೋ ಮಂದಿ. ಗಾಳಿಯ ಹೀರುಬಟ್ಟಲಿನಿಂದ ಟೈಲ್ಸಿಗೆ ಅಂಟುವ ಹಿಡಿಗಳನ್ನೂ ಮಾರುತ್ತಾರೆ. ಬೆರಳು ತಾಗಿಸಿ ನಿಲ್ಲುವಷ್ಟಕ್ಕೆ ಆದೀತು, ಭಾರ ಹಾಕುವುದಕ್ಕಲ್ಲ.

ಎಲ್ಲಿ ಹಾಕಬೇಕೆಂಬುದಕ್ಕೆ ಒಂದು ಉಪಾಯವಿದೆ. ಬಟ್ಟೆ ಉಟ್ಟುಕೊಂಡು, ನೆಲ ಒಣಗಿರುವಾಗ, ಹಿರಿಯರ ಅಂಗೈಗೆ ಸೀಮೆಸುಣ್ಣ ಹಚ್ಚಿ ಬಚ್ಚಲಿಗೆ ಕರೆದೊಯ್ಯಿರಿ. ಜೊತೆಗೆ ನಿಂತು, ಒಳಗೆ ಬರಲಿ, ಕೂರಲಿ, ಏಳಲಿ, ಹೊರಗೆ ಹೋಗಲಿ ಎನ್ನಿ. ಗೋಡೆಯಲ್ಲಿ ಎಲ್ಲೆಲ್ಲಿ ಬಿಳಿ ಗುರುತು ಬಿತ್ತೋ ಅಲ್ಲಲ್ಲಿ ಕಂಬಿ ಬೇಕು. ಸಾಮಾನ್ಯವಾಗಿ ಬಾಗಿಲ ಪಕ್ಕ ಒಂದು ನೇರ ಕಂಬಿ, ಕುಳಿತುಕೊಳ್ಳುವಲ್ಲಿ ಸುಮಾರು ಮೂರು ಅಡಿ ಎತ್ತರಕ್ಕೆ ಒಂದು ಅಡ್ಡಕಂಬಿ. ಲಕ್ವದವರಾದರೆ ಬಲವಿರುವ ಕೈಯ ಕಡೆಗೇ ಹಾಕಿಸಬೇಕು. ಹೊರಗೆ ಹೋಗುವಾಗ ಆ ಕೈ ಮತ್ತೊಂದು ಬದಿಗೆ ಬರುತ್ತದೆಂಬುದನ್ನು ಮರೆಯಬಾರದು.

ಅಂದಹಾಗೆ, ಎಲ್ಲ ಗೋಡೆಗಳೂ ಕಂಬಿಯನ್ನು ತಾಳುವುದಿಲ್ಲ. ಪೆನ್ನಾಗರದ ಆ ಮನೆಯ ಬಚ್ಚಲು ಮಣ್ಣಿನ ಗೋಡೆಯದು, ಮೇಲೆ ಸಿಮೆಂಟಿನ ಪದರ. ಅಂಥಲ್ಲಿ ಸ್ಕ್ರೂ ನಿಲ್ಲದು. ಟೊಳ್ಳು ಇಟ್ಟಿಗೆಯ ಗೋಡೆಯೂ ಅಷ್ಟೆ. ಆಗ ನೆಲ ಅಗೆದು ಕಾಂಕ್ರೀಟಿನಲ್ಲಿ ಕೊಳವೆಯ ಕಂಬ ನಿಲ್ಲಿಸುವುದೇ ಸರಿ. ನಮ್ಮ ಕಡೆಯ ಮುರಕಲ್ಲಿನ ಗೋಡೆಯಲ್ಲಿ ಕಲ್ಲು ಗಟ್ಟಿಯಾಗಿದ್ದರೆ ಆಂಕರ್ ಬೋಲ್ಟ್ ನಿಲ್ಲಬಹುದು. ಕಲ್ಲು ಮೃದುವಾಗಿದ್ದರೆ ಸಣ್ಣ ಗುಂಡಿ ತೋಡಿ ಸಿಮೆಂಟು ತುಂಬಿ ಕೂರಿಸಬೇಕು. ಮೇಸ್ತ್ರಿಗೆ ಇದೆಲ್ಲ ಗೊತ್ತಿರುವುದೇ. ಗೇಟಿಗೆ ಕಂಬ ನಿಲ್ಲಿಸುವಷ್ಟೇ ಗಟ್ಟಿಯಾಗಿ ನಿಲ್ಲಿಸು ಎಂದು ಹೇಳಿದರೆ ಸಾಕು.

ನೆಲ, ಬಾಗಿಲು, ಬಿಸಿನೀರು

ಹಿಂದಿನವರ ಬಚ್ಚಲಲ್ಲಿ ಉಳಿಯೇಟು ಕಾಣುವ ಒರಟು ಚಪ್ಪಡಿ ಇರುತ್ತಿತ್ತು. ಈಗ ಮನೆ ಹೊಸದು ಮಾಡಿಸುವಾಗ ಮುಖ ಕಾಣುವಂಥ ನುಣುಪು ಟೈಲ್ಸ್. ಹಾಕಿಸುವವರು ಯುವಕರು, ಜಾರುವವರು ಮುದುಕರು. ಬಚ್ಚಲಿಗೆಂದೇ ಒರಟು ಮೈಯ ಟೈಲ್ಸ್ ಸಿಗುತ್ತವೆ, ಕೇಳಿ ಪಡೆಯಬೇಕು. ಹಾಕಿಯಾಗಿದ್ದರೆ ಅಡಿಯಲ್ಲಿ ಹೀರುಬಟ್ಟಲುಗಳಿರುವ ರಬ್ಬರ್ ಹಾಸು ನುಣುಪು ನೆಲಕ್ಕೆ ಹಿಡಿಯುತ್ತದೆ. ಒರಟು ಕಲ್ಲಿಗೆ ಹಿಡಿಯದು. ವಾರಕ್ಕೊಮ್ಮೆ ಎತ್ತಿ ತಿಕ್ಕಿ ಒಣಗಿಸದಿದ್ದರೆ ಹಾಸೇ ಜಾರುತ್ತದೆ. ನಮ್ಮ ಮಳೆಗಾಲದ ಪಾಚಿಯ ಬಗ್ಗೆ ಹೇಳಬೇಕಾದ್ದಿಲ್ಲ. ಬ್ಲೀಚಿಂಗ್ ಪೌಡರ್ ಮತ್ತು ಗಟ್ಟಿ ಬ್ರಷ್ಷಿಗೆ ಬದಲಿ ಇಲ್ಲ. ದೀಪಾವಳಿಯ ಎಣ್ಣೆಸ್ನಾನದ ದಿನ ಮನೆಯ ಹಿರಿಯರು ಮೊದಲು ಮೀಯಲಿ. ಮಕ್ಕಳ ಎಣ್ಣೆ, ಸೀಗೆಪುಡಿ ನೆಲದಲ್ಲಿ ಹರಡಿದ ಮೇಲೆ ಅಲ್ಲ. ಶಾಸ್ತ್ರಕ್ಕೂ ಇದರಿಂದ ಕುಂದಿಲ್ಲ.

ಬಾಗಿಲಿಗೆ ಒಳಗಿನ ಅಗುಳಿಯನ್ನು ಕಿತ್ತುಹಾಕಬೇಕು. ಮರ್ಯಾದೆಗೆ ಪರದೆ ಇರಲಿ, ಹೊರಗೆ ಒಂದು ಬೈರಾಸು ತೂಗಿದ್ದರೆ ಒಳಗೆ ಜನವಿದ್ದಾರೆಂದು ಮನೆಯವರಿಗೆ ತಿಳಿದರಾಯಿತು. ಬಾಗಿಲು ಹೊರಮುಖವಾಗಿ ತೆರೆಯುವಂತೆ ಬಡಗಿ ಅರ್ಧ ದಿನದಲ್ಲಿ ಬದಲಿಸಿಕೊಡುತ್ತಾನೆ. ಅದನ್ನು ಅಂದು ಹಲಗೆ ಕಿತ್ತ ಬಡಗಿಯೇ ಮಿತ್ರರಿಗೆ ಹೇಳಿದ್ದನಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎತ್ತರದ ಹೊಸ್ತಿಲಿಗೆ ಒಂದು ಬಿಳಿ ಪಟ್ಟೆ ಬಳಿಯುವುದು ಚಿಕ್ಕ ಕೆಲಸ, ಮಂದಗಣ್ಣಿನವರಿಗೆ ದೊಡ್ಡ ಉಪಕಾರ.

ಹಂಡೆಯ ನೀರಿನ ವಿಷಯ. ಅರುವತ್ತು ಡಿಗ್ರಿ ಸೆಲ್ಸಿಯಸ್ ಕಾದ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮುದಿ ಚರ್ಮ ತೆಳ್ಳಗೆ, ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಬಿಸಿಯೇ ತಿಳಿಯದು. ಮೊದಲು ತಣ್ಣೀರು, ಮೇಲೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಬೇಕು. ಹೆಚ್ಚು ಬಿಸಿನೀರಿನಿಂದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ; ಅದಕ್ಕೇ ಮಿಂದು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದು. ಬಿ.ಪಿ. ಮಾತ್ರೆ ನುಂಗುವವರಿಗೆ ಇನ್ನೂ ಹೆಚ್ಚು. ಮಿಂದಾದ ಮೇಲೆ ಕುರ್ಚಿಯಲ್ಲೇ ಕುಳಿತು ಮೈ ಒರೆಸಿ, ಪಾದ ಒರೆಸಿ, ನಾಲ್ಕು ಸಲ ಕಾಲು ಆಡಿಸಿ, ಆಮೇಲೆ ಎದ್ದರೆ ಆಯಿತು.

ಕೈಹಿಡಿದು ನಡೆಸುವವರಿಗೂ ಒಂದು ಮಾತು. ಕಂಕುಳಲ್ಲಿ ಕೈಹಾಕಿ ಎತ್ತಬೇಡಿ. ಲಕ್ವ ಹೊಡೆದ ಕಡೆಯ ತೋಳು ಜಗ್ಗಿದರೆ ಭುಜದ ಕೀಲೇ ತಪ್ಪೀತು. ಎತ್ತುವವರ ಬೆನ್ನೂ ಹೋದೀತು. ಅಗಲದ ಗಟ್ಟಿ ಬೈರಾಸನ್ನು ಮಡಚಿ ಹಿರಿಯರ ಸೊಂಟಕ್ಕೆ ಸುತ್ತಿ, ಬೆನ್ನಿನ ಹಿಂದೆ ಅದನ್ನು ಹಿಡಿದುಕೊಳ್ಳಿ. ಕೂರುವಾಗ ಮೊದಲು ಬೆನ್ನು ಕುರ್ಚಿಯ ಕಡೆಗೆ ತಿರುಗಲಿ, ಕಾಲಿನ ಹಿಂಬದಿಗೆ ಪೀಠ ತಾಗಲಿ, ಕೈ ಕಂಬಿಗೆ ಹೋಗಲಿ, ಆಮೇಲೆ ಕೂರಲಿ. ಬಿದ್ದೇಬಿಟ್ಟರೆ ಗಾಬರಿಯಲ್ಲಿ ಎತ್ತಲು ಹೋಗಬಾರದು. ಬಟ್ಟೆ ಹೊದಿಸಿ, ಎಲ್ಲಿ ನೋವೆಂದು ಕೇಳಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಯ ಮೇಲ್ಭಾಗದ ಎಲುಬು ಮುರಿದಿರುವ ಸಾಧ್ಯತೆ ಹೆಚ್ಚು. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಬೇಕು.

ಕೇಳುವುದು ಯಾರನ್ನು?

ಮುಪ್ಪಿನ ವೈದ್ಯವೆಂಬ ಪ್ರತ್ಯೇಕ ವಿಭಾಗ ನಮ್ಮ ದೇಶದಲ್ಲಿ ಮೊದಲು ಆರಂಭವಾದದ್ದು ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ, 1978ರಲ್ಲಿ, ಡಾ. ವಿ.ಎಸ್. ನಟರಾಜನ್ ಅವರ ಪ್ರಯತ್ನದಿಂದ. ಆದರೆ ಆಸ್ಪತ್ರೆಗೆ ಹೋದ ಮುದುಕರ ರಕ್ತ, ಮೂತ್ರ, ಎದೆ ಎಲ್ಲ ನೋಡುವವರಿಗೆ ಅವರ ಬಚ್ಚಲು ಕಾಣುವುದಿಲ್ಲ. ಬಚ್ಚಲು ಕಾಣಬೇಕಾದರೆ ಮನೆಗೇ ಬರಬೇಕು. ತಮಿಳುನಾಡಿನಲ್ಲಿ ಅಂಥ ಏರ್ಪಾಡೂ ಆಯಿತು. 2021ರಲ್ಲಿ ಮುಖ್ಯಮಂತ್ರಿಯಾದ ಎಂ.ಕೆ. ಸ್ಟಾಲಿನ್ ಅವರು ಆ ವರ್ಷದ ಆಗಸ್ಟ್ 5ರಂದು ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿ ಬರುವ ವೈದ್ಯ ಎಂಬ ಯೋಜನೆಗೆ ಚಾಲನೆ ಕೊಟ್ಟದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ. ಬಿ.ಪಿ., ಸಕ್ಕರೆ ಕಾಯಿಲೆಗಳ ಮಾತ್ರೆ ಮನೆಗೆ ತಲುಪಿಸುವುದು, ಹಾಸಿಗೆ ಹಿಡಿದವರ ಆರೈಕೆ, ಫಿಸಿಯೋಥೆರಪಿ ಇವು ಅದರ ಅಂಗಗಳು. ಕೇರಳದಲ್ಲಿ 2008ರ ಸಾಂತ್ವನ ಆರೈಕೆ ನೀತಿಯ ನಂತರ ಪಂಚಾಯತುಗಳ ಮೂಲಕ ನರ್ಸುಗಳು ಮನೆಮನೆಗೆ ಹೋಗುವ ಪದ್ಧತಿ ಬೇರೂರಿದ್ದು ನಮ್ಮ ವಾಚಕರಿಗೆ ತಿಳಿದದ್ದೇ. ಹಾಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟು ಕಳುಹಿಸದೆ, ಒಮ್ಮೆ ಬಚ್ಚಲಿಗೂ ಕರೆದುಕೊಂಡು ಹೋಗಿ ತೋರಿಸಬೇಕು. ಕೋಲು ಯಾವ ಎತ್ತರಕ್ಕೆ, ಕಂಬಿ ಎಲ್ಲಿಗೆ, ಕುರ್ಚಿಗೆ ತೋಳು ಬೇಕೇ ಎಂಬುದನ್ನು ಅವರು ನಿಂತ ಕಾಲಲ್ಲೇ ಹೇಳಬಲ್ಲರು.

ವಯೋಶ್ರೀ ಯೋಜನೆಯಲ್ಲಿ ಕಾನ್ಪುರದ ಸರಕಾರಿ ಕೃತಕಾಂಗ ತಯಾರಿಕಾ ನಿಗಮದ ಮೂಲಕ ಅರುವತ್ತು ದಾಟಿದ ಬಡವರಿಗೆ ಸಾಧನಗಳನ್ನು ಹಂಚಲಾಗುತ್ತದೆ. ಮೊದಲು ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಕನ್ನಡಕ ಇಷ್ಟೇ ಇದ್ದವು. ಆಮೇಲೆ ಕಮೋಡ್ ಇರುವ ಕುರ್ಚಿ, ಸ್ಟೂಲುಗಳೂ ಸೇರಿದವು. ಅಂಥ ಕುರ್ಚಿಯ ಕೆಳಗಿನ ಪಾತ್ರೆ ತೆಗೆದರೆ, ತುಕ್ಕು ಹಿಡಿಯದ ಲೋಹದ್ದಾಗಿದ್ದರೆ, ಸ್ನಾನಕ್ಕೂ ಆಗುತ್ತದೆ. ಗೋಡೆಯ ಕಂಬಿಯನ್ನಂತೂ ಯಾವ ಶಿಬಿರದಲ್ಲೂ ಕೈಗೆ ಕೊಟ್ಟು ಕಳುಹಿಸಲಾಗದು. ಅದಕ್ಕೆ ಮನೆಯವರೇ ಮೇಸ್ತ್ರಿಯನ್ನು ಕರೆಯಬೇಕು.

ಇನ್ನು ಭಾಷೆ. ಮಿತ್ರರ ತಾಯಿಯನ್ನು ಒಮ್ಮೆ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ಅಲ್ಲಿನ ನರ್ಸು ತಮಿಳಿನಲ್ಲಿ, ಬಾತ್‌ರೂಮಿಗೆ ಹೋಗಲು ತೊಂದರೆ ಇದೆಯೇ ಎಂದು ಕೇಳಿದಳಂತೆ. ಈಕೆ ‘ಇಲ್ಲ’ ಎಂದರು. ಬಾತ್‌ರೂಮ್ ಎಂದರೆ ಮೂತ್ರದ ವಿಷಯವೆಂದೇ ಅವರ ತಿಳುವಳಿಕೆ. ಅದರಲ್ಲಿ ನಿಜಕ್ಕೂ ತೊಂದರೆ ಇರಲಿಲ್ಲ. “ಬಚ್ಚಲಲ್ಲಿ ಕೂತು ಎದ್ದೇಳೋಕೆ ಆಗುತ್ತಾ” ಎಂದು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ತಪ್ಪು ಯಾರದೂ ಅಲ್ಲ. ಅಲ್ಲಿ ಜೊತೆಗಿದ್ದ ಮಗ ಬಾಯಿಬಿಡಬೇಕಾಗಿತ್ತು. ಮಗನಿಗೆ ನಾಚಿಕೆ. ಮೀಯುವುದು ತಾಯಿಯ ಖಾಸಗಿ ಸ್ಥಿತಿ, ಅದರಲ್ಲಿ ತಾನು ತಲೆಹಾಕುವುದೇ ಎಂದು. ಸೊಸೆಗೆ ಸಂಕೋಚ, ಅತ್ತೆಗೆ ಅಭಿಮಾನ. ತಾನು ಮಿಂದೆಬ್ಬಿಸಿದ ಮಗನ ಎದುರಿಗೆ, ತಾನು ಹೆದರುತ್ತೇನೆಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಮೂವರೂ ಒಂದೇ ಸೂರಿನಡಿ ಒಂಬತ್ತು ದಿನ ಸುಮ್ಮನಿದ್ದರು.

ಸೇಲಂನಿಂದ ತಂದ ಕೊಳವೆಯನ್ನು ಎರಡು ದಿನದಲ್ಲಿ ಮೇಸ್ತ್ರಿ ನೆಲಕ್ಕೆ ಹೂಳಿದ. ಬಕೆಟ್ಟಿಗೆ ಕಟ್ಟೆ, ಕುರ್ಚಿಗೆ ಹೊಸ ಬುಷ್, ಬಾಗಿಲು ಹೊರಮುಖಕ್ಕೆ. ಸಿಮೆಂಟು ಗಟ್ಟಿಯಾಗಲು ಒಂದು ವಾರ ಬಿಡಬೇಕೆಂದದ್ದಕ್ಕೆ ಆ ತಾಯಿ ಗೊಣಗಿದರು. ಕುರ್ಚಿಯ ನೀಲಿ ಬಣ್ಣ ಅವರಿಗೆ ಹಿಡಿಸಲಿಲ್ಲ, ಕ್ಷೌರದಂಗಡಿಯ ಕುರ್ಚಿಯಂತಿದೆ ಎಂದರು. ನಾವು ಅಷ್ಟರಲ್ಲಿ ಊರಿಗೆ ಹೊರಟಿದ್ದೆವು.

ಹದಿನೈದು ದಿನ ಬಿಟ್ಟು ಮಿತ್ರರಿಗೆ ಫೋನ್ ಮಾಡಿದೆ. ಹೇಗಿದ್ದಾರೆ ಎಂದು ಕೇಳುವ ಮೊದಲೇ ಅವರ ಮಡದಿಯ ದನಿ ಹಿಂದಿನಿಂದ ಕೇಳಿಸಿತು: “ಒಂದು ಬಕೆಟ್ ಸಾಲೋದಿಲ್ಲ ಅಂತಾರೆ, ಎರಡು ಕಾಯ್ಸು ಅಂತಾರೆ. ಕೂತ್ರೆ ಅರ್ಧ ಗಂಟೆ ಏಳೋದೇ ಇಲ್ಲ. ಸೌದೆ ಎಲ್ಲಿಂದ ತರ್ಲಿ, ನೀವೇ ಹೇಳಿ!”